ಅವಳಿ ಗರ್ಭ, 33ನೆಯ ವಾರ: ಬಲಗಡೆಯ ಮಗುವಿನ ಮಿಸುಕಾಟ ಇಂದು ಕಡಿಮೆಯಾಗಿದೆ, ಸೋಮವಾರದವರೆಗೆ ಕಾಯಬಹುದೇ?

ತವರಿಗೆ ಬಂದವಳು · ರಾತ್ರಿ 8:52

ಎಲ್ಲರಿಗೂ ನಮಸ್ಕಾರ. ನನಗೆ ಈಗ 33 ವಾರ 2 ದಿನ, ಚೊಚ್ಚಲು, ಅವಳಿ ಮಕ್ಕಳು. ಎರಡಕ್ಕೂ ಬೇರೆ ಬೇರೆ ಮಾಸು, ಬೇರೆ ಬೇರೆ ನೀರಿನ ಚೀಲ ಎಂದು ಮೂರನೆಯ ತಿಂಗಳ ಸ್ಕ್ಯಾನಿಂಗಿನಲ್ಲೇ ಹೇಳಿದ್ದರು. ಸೀಮಂತ ಮುಗಿಸಿಕೊಂಡು ತವರಿಗೆ ಬಂದು ಮೂರು ವಾರವಾಯಿತು. ನಮ್ಮ ಮನೆ ತೀರ್ಥಹಳ್ಳಿಯಿಂದಲೂ ಒಳಗಿದೆ. ನಾನು ತೋರಿಸಿಕೊಳ್ಳುತ್ತಿರುವ ಆಸ್ಪತ್ರೆ ಶಿವಮೊಗ್ಗದಲ್ಲಿದ್ದು, ಈ ಮಳೆಯಲ್ಲಿ ಅಲ್ಲಿಗೆ ಎರಡೂವರೆ ಗಂಟೆಯ ದಾರಿ.

ಕೆಳಗೆ ಎಡಬದಿಯಲ್ಲಿರುವ ಮಗು ಎಂದಿನಂತೆ ಮಿಸುಕುತ್ತಿದೆ. ಬಲಗಡೆ ಪಕ್ಕೆಲುಬಿನ ಕೆಳಗಿರುವುದು ಮಾತ್ರ, ದಿನವೂ ನಾನು ಊಟ ಮುಗಿಸಿ ಒರಗಿದ ಕೂಡಲೇ ಸೀರೆಯ ನೆರಿಗೆ ಅಲುಗುವಷ್ಟು ಒದೆಯುತ್ತಿದ್ದದ್ದು, ಇಂದು ಬೆಳಗಿನಿಂದ ಎರಡೋ ಮೂರೋ ಸಲ ಸಣ್ಣಗೆ ತಡವಿದಂತೆ ಮಾಡಿ ಸುಮ್ಮನಾಗಿದೆ. ಅದೂ ಅದರದ್ದೇ ಮಿಸುಕಾಟವೋ, ಈಚಿನದರ ಕಾಲು ಆಚೆಗೆ ತಾಗಿದ್ದೋ ನನಗೆ ಖಚಿತವಾಗಿ ತಿಳಿಯುತ್ತಿಲ್ಲ.

ದಿನ ತುಂಬುತ್ತ ಬಂದಂತೆ ಜಾಗ ಸಾಲುವುದಿಲ್ಲ, ಒಳಗೆ ಇಬ್ಬರಿರುವಾಗ ಮಿಸುಕಲು ಎಲ್ಲಿ ಅವಕಾಶ ಎಂದು ಅಮ್ಮ ಹೇಳುತ್ತಾರೆ. ಮಿಸುಕಾಟ ಕಡಿಮೆಯಾದರೆ ಹೆರಿಗೆ ಹತ್ತಿರ ಬಂತೆಂದೇ ಅರ್ಥ ಎನ್ನುವುದು ಅಜ್ಜಿಯ ಮಾತು. ಸೋಮವಾರ ಹೇಗೂ ವೈದ್ಯರ ಬಳಿ ಹೋಗುವುದಿದೆ. ಈ ರಾತ್ರಿ ಹೊರಡುವುದಾದರೆ ಪಕ್ಕದ ತೋಟದವರ ಜೀಪನ್ನೇ ಕೇಳಬೇಕು, ಮನೆಯವರು ಬೆಂಗಳೂರಿನಲ್ಲಿದ್ದಾರೆ. ಇಬ್ಬರಿರುವಾಗ ಮಿಸುಕಾಟವನ್ನು ಎಣಿಸುವುದು ಹೇಗೆ? ಅವಳಿ ಹೆತ್ತವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿ ಅವಳಿ ಅಮ್ಮ · 8:55

ತಂಗೀ, ಎಣಿಸುವುದನ್ನು ಬಿಟ್ಟು ಮೊದಲು ಆಸ್ಪತ್ರೆಗೆ ಫೋನ್ ಮಾಡಮ್ಮ.

ಮೂರು ಮಕ್ಕಳ ತಾಯಿ · 9:01

ಇಷ್ಟು ಗಾಬರಿಯಾಗುವ ಅಗತ್ಯವಿಲ್ಲ ಎಂದು ನನ್ನ ಅನಿಸಿಕೆ. ನನ್ನ ಮೂರನೆಯ ಮಗು ಕೊನೆಯ ತಿಂಗಳು ಹೆಚ್ಚೇನೂ ಒದೆಯಲಿಲ್ಲ, ಹುಟ್ಟಿದಾಗ ಮೂರು ಕಿಲೋ ಇತ್ತು. ಒಂದು ಲೋಟ ತಣ್ಣನೆಯ ಬೆಲ್ಲದ ಪಾನಕ ಕುಡಿದು, ಎಡಮಗ್ಗುಲಾಗಿ ಮಲಗಿ ನೋಡಿ. ಸಿಹಿ ಹೋದರೆ ಮಕ್ಕಳು ಎಚ್ಚರಗೊಳ್ಳುತ್ತವೆ. ನಿಮ್ಮ ತಾಯಿಯವರು ಅನುಭವಸ್ಥರು, ಅವರ ಮಾತನ್ನು ತಳ್ಳಿಹಾಕಬೇಡಿ.

ನರ್ಸಮ್ಮ · 9:07

ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿದ್ದು ನಿವೃತ್ತಳಾದವಳು ನಾನು. ಜಾಗ ಸಾಲುವುದಿಲ್ಲ ಎಂಬ ಈ ಮಾತನ್ನು ಎಷ್ಟು ಬಾಯಿಗಳಿಂದ ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ. ತಾಯಂದಿರನ್ನು ಬೈಯುತ್ತಿಲ್ಲ, ಅವರಿಗೂ ಅವರ ತಾಯಂದಿರು ಹಾಗೆಯೇ ಹೇಳಿದ್ದರು. ಆದರೆ ಅದು ಸರಿಯಲ್ಲ. ತಿಂಗಳು ತುಂಬುತ್ತ ಬಂದಂತೆ ಮಿಸುಕಾಟದ ಬಗೆ ಬದಲಾಗಬಹುದು. ಮೊದಲು ಫಟ್ಟೆಂದು ಒದೆಯುತ್ತಿದ್ದದ್ದು ಈಗ ಹೊರಳಿದಂತೆ, ಒತ್ತಿದಂತೆ, ಮೊಣಕೈ ಎಳೆದಂತೆ ಅನ್ನಿಸಬಹುದು. ಮಿಸುಕುವ ಪ್ರಮಾಣ ಮಾತ್ರ ಹೆರಿಗೆಯ ನೋವು ಶುರುವಾಗುವವರೆಗೂ ಕುಗ್ಗಬಾರದು. ಇಬ್ಬರಿರುವ ಗರ್ಭದಲ್ಲೂ ಹಾಗೆಯೇ.

ಪಾನಕ ಕುಡಿಯುವುದರಿಂದ ಕೆಡುಕೇನಿಲ್ಲ, ಆದರೆ ಅದು ಪರೀಕ್ಷೆಯೂ ಅಲ್ಲ. ಅದನ್ನು ಕುಡಿದು, ಕಾದು, ಮತ್ತೆ ಕುಡಿದು, ಮತ್ತೆ ಕಾದು ಬೆಳಗು ಮಾಡಿಕೊಂಡು ಬಂದವರನ್ನು ನಾನೇ ದಾಖಲು ಮಾಡಿಕೊಂಡಿದ್ದೇನೆ.

ಲೆಕ್ಕದ ಮೇಷ್ಟ್ರು · 9:12

ಎಣಿಸುವ ಕ್ರಮದ ಬಗ್ಗೆ ಕೇಳಿದ್ದಾರಾದ್ದರಿಂದ ಹೇಳುತ್ತೇನೆ. ನನ್ನ ಹೆಂಡತಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಗಂಟೆ ಎಣಿಸಿ ಬರೆದಿಡಲು ಹೇಳಿದ್ದರು. ಮೂರನ್ನೂ ಕೂಡಿಸಿ ನಾಲ್ಕರಿಂದ ಗುಣಿಸಿದರೆ 12 ಗಂಟೆಯ ಅಂದಾಜು ದೊರೆಯುತ್ತದೆ, ಅದು 10ಕ್ಕಿಂತ ಕಡಿಮೆಯಾದರೆ ಬರಬೇಕೆಂದಿದ್ದರು. ಎಡಮಗ್ಗುಲಾಗಿ ಮಲಗಿ ಎರಡು ಗಂಟೆಯಲ್ಲಿ ಹತ್ತು ಎಣಿಸುವ ಇನ್ನೊಂದು ಕ್ರಮವೂ ಇದೆ. ಅವಳಿಗಳಾದರೆ ಇಪ್ಪತ್ತು ಎಣಿಸಬೇಕೆಂದು ತರ್ಕ ಹೇಳುತ್ತದೆ.

ಕಾವೇರಿ ತೀರ · 9:20

ಮೇಷ್ಟ್ರೇ, ತರ್ಕ ಹಾಗೆ ಹೇಳಬಹುದು, ಗರ್ಭ ಹಾಗೆ ಹೇಳುವುದಿಲ್ಲ. ನಾನು ಪ್ರಸೂತಿ ವೈದ್ಯೆ. ಇಪ್ಪತ್ತರಲ್ಲಿ ಹತ್ತೊಂಬತ್ತೂ ಒಂದೇ ಮಗುವಿನವಾಗಿರಬಹುದು. ಅವಳಿ ಗರ್ಭದಲ್ಲಿ ಎಣಿಕೆ ಮೋಸ ಮಾಡುವುದು ಇಲ್ಲಿಯೇ. ಚುರುಕಾಗಿರುವ ಮಗು ತನ್ನ ಪಾಲಿನ ಜೊತೆಗೆ ಇನ್ನೊಂದರ ಪಾಲನ್ನೂ ತುಂಬಿಕೊಟ್ಟುಬಿಡುತ್ತದೆ.

ಜೊತೆಗೆ, ಎಲ್ಲ ಗರ್ಭಿಣಿಯರಿಗೂ ಅನ್ವಯಿಸುವ ಒಂದು ಸಂಖ್ಯೆ ಇಲ್ಲ. ಒಂದು ಮಗು ದಿನಕ್ಕೆ ಹಲವು ಹತ್ತು ಸಲ ಮಿಸುಕಬಹುದು, ಇನ್ನೊಂದು ಅದರ ಅರ್ಧದಷ್ಟು. ಆ ಮಗುವಿನ ವಾಡಿಕೆ ಏನಿತ್ತು, ಇಂದು ಅದರಲ್ಲಿ ಏನು ಬದಲಾಗಿದೆ ಎಂಬುದೇ ಮುಖ್ಯ. ಊಟವಾದ ಮೇಲೆ ಬಲಗಡೆಯದು ಒದೆಯುತ್ತಿತ್ತು, ಇಂದು ಒದೆಯಲಿಲ್ಲ ಎಂದು ಈ ತಾಯಿ ಬರೆದಿದ್ದಾರೆ. ನನಗೆ ಬೇಕಾದ ಮಾಹಿತಿ ಅಷ್ಟೇ. ಮಗು ಹೊಟ್ಟೆಯಲ್ಲಿ ನಿದ್ದೆ ಮಾಡುವುದು ನಿಜ, ಆದರೆ ಸಾಮಾನ್ಯವಾಗಿ ಒಂದು ನಿದ್ದೆ 20ರಿಂದ 40 ನಿಮಿಷ, 90 ನಿಮಿಷ ದಾಟುವುದು ಅಪರೂಪ. ಬೆಳಗಿನಿಂದ ರಾತ್ರಿಯವರೆಗಿನದನ್ನು ನಿದ್ದೆ ಎಂದು ತಳ್ಳಿಹಾಕಲಾಗದು.

28 ವಾರ ದಾಟಿದ ಮೇಲೆ ಮಿಸುಕಾಟ ಕುಗ್ಗಿದೆ ಎನಿಸಿದರೆ ಅದೇ ದಿನ, ಅದೇ ಹೊತ್ತಿಗೆ ಕರೆ ಮಾಡಬೇಕು. ಅವಳಿಗಳಾದರಂತೂ ಎರಡು ಗಂಟೆ ಮಲಗಿ ಎಣಿಸಿ ನೋಡುತ್ತೇನೆ ಎಂಬುದೂ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ಎದೆಬಡಿತ ಕೇಳಿಸಿಕೊಂಡು ಹಿಂದಿರುಗುವುದೂ ಬೇಡ. ಎನ್‌ಎಸ್‌ಟಿ (ಮಗುವಿನ ಎದೆಬಡಿತದ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ದಾಖಲಿಸುವ ಪರೀಕ್ಷೆ) ಮತ್ತು ಸ್ಕ್ಯಾನಿಂಗ್ ಎರಡೂ ರಾತ್ರಿ ಸಿಗುವಲ್ಲಿಗೆ ನೇರವಾಗಿ ಹೋಗಿ.

ಕೊನೆಯ ಸ್ಕ್ಯಾನಿಂಗಿನಲ್ಲಿ ಎರಡರ ತೂಕ ಎಷ್ಟಿತ್ತು, ಹೇಳುತ್ತೀರಾ?

ತವರಿಗೆ ಬಂದವಳು · 9:26

ಮೇಡಂ, 32ನೆಯ ವಾರದಲ್ಲಿ ಮೊದಲನೆಯದು 1,750 ಗ್ರಾಂ, ಎರಡನೆಯದು 1,480 ಗ್ರಾಂ. ಬಲಗಡೆಯದೇ ಎರಡನೆಯದು. ಆಸ್ಪತ್ರೆಗೆ ಫೋನ್ ಮಾಡಿದೆ. ಕೂಡಲೇ ಬನ್ನಿ ಎಂದರು. ಅಪ್ಪ ಮಳೆ ನಿಲ್ಲಲಿ, ಬೆಳಿಗ್ಗೆ ಐದಕ್ಕೆ ಹೊರಡೋಣ ಎನ್ನುತ್ತಿದ್ದಾರೆ.

ಲೆಕ್ಕದ ಮೇಷ್ಟ್ರು · 9:28

ವ್ಯತ್ಯಾಸ 270 ಗ್ರಾಂ. ದೊಡ್ಡದರ ತೂಕದಿಂದ ಭಾಗಿಸಿದರೆ ಶೇ. 15ಕ್ಕಿಂತ ಸ್ವಲ್ಪ ಹೆಚ್ಚು.

ಕಾವೇರಿ ತೀರ · 9:31

ಸರಿಯಾಗಿ ಹಾಕಿದ್ದೀರಿ. ಶೇ. 20 ಮುಟ್ಟಿದರೆ ನಾವು ನಿಗಾ ಹೆಚ್ಚಿಸುತ್ತೇವೆ, 25 ಮುಟ್ಟಿದರೆ ಇನ್ನೂ ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಸ್ಕ್ಯಾನಿಂಗಿನ ತೂಕ ಅಂದಾಜೇ ಆದ್ದರಿಂದ 15 ಎಂದರೆ ಹೆದರಬೇಕಿಲ್ಲ. ಆದರೆ ಸುಮ್ಮನಾಗಿರುವುದು ಚಿಕ್ಕ ಮಗುವೇ ಆಗಿರುವುದರಿಂದ ನನ್ನ ಮಾತು ಬದಲಾಗುವುದಿಲ್ಲ. ಈಗಲೇ ಹೊರಡಿ.

ಸಾಗರದ ಸುಬ್ಬ · 9:33

ವೈದ್ಯರು ಹೀಗೆ ಹೇಳುವುದರಲ್ಲಿ ಆಶ್ಚರ್ಯವೇನಿದೆ? ಹೋದ ಕೂಡಲೇ ದಾಖಲಾತಿ, ಎರಡು ಇಂಜೆಕ್ಷನ್, ಮರುದಿನ ಸಿಸೇರಿಯನ್. ಬ್ರಿಟನ್ ಮತ್ತು ಐರ್ಲೆಂಡಿನಲ್ಲೇ ಇದರ ಬಗ್ಗೆ ದೊಡ್ಡ ಅಧ್ಯಯನ ಆಗಿದೆ. 2018ರಲ್ಲಿ ಪ್ರಕಟವಾದ ಅಫರ್ಮ್ ಎಂಬ ಪ್ರಯೋಗದಲ್ಲಿ 33 ಆಸ್ಪತ್ರೆಗಳು, ನಾಲ್ಕು ಲಕ್ಷಕ್ಕೂ ಹೆಚ್ಚು ಗರ್ಭಿಣಿಯರು ಇದ್ದರು. ಮಿಸುಕಾಟದ ಬಗ್ಗೆ ತಿಳಿವಳಿಕೆ ಕೊಟ್ಟದ್ದರಿಂದ ಹೊಟ್ಟೆಯಲ್ಲೇ ಮಗು ಸಾಯುವುದು ಗಮನಾರ್ಹವಾಗಿ ಇಳಿಯಲಿಲ್ಲ, ಸಿಸೇರಿಯನ್ ಮತ್ತು ಔಷಧಿ ಕೊಟ್ಟು ಹೆರಿಗೆ ಮಾಡಿಸುವುದು ಮಾತ್ರ ಹೆಚ್ಚಾಯಿತು. ಮಳೆಯ ರಾತ್ರಿ ಆ ರಸ್ತೆಯಲ್ಲಿ ತುಂಬಿದ ಬಸುರಿಯನ್ನು ಓಡಾಡಿಸುವುದಕ್ಕೂ ಅಪಾಯವಿದೆ ಎಂಬುದನ್ನು ಯಾರಾದರೂ ಹೇಳಬೇಕಲ್ಲವೇ?

ಕಾವೇರಿ ತೀರ · 9:40

ಅಧ್ಯಯನ ನಿಜ, ನೀವು ಹೇಳಿದ ಫಲಿತಾಂಶವೂ ನಿಜ, ಅದನ್ನು ಓದಿ ಬಂದದ್ದು ಸಂತೋಷ. ಆದರೆ ಅಲ್ಲಿ ಪರೀಕ್ಷೆಗೆ ಒಳಪಟ್ಟದ್ದು ಎಲ್ಲ ಗರ್ಭಿಣಿಯರಿಗೂ ತಿಳಿವಳಿಕೆ ಕೊಟ್ಟು, ಬಂದವರನ್ನು ಒಂದು ನಿಗದಿತ ಕ್ರಮದಲ್ಲಿ ನೋಡಿಕೊಳ್ಳುವ ಕಾರ್ಯಕ್ರಮ. ಮಿಸುಕಾಟ ಕುಗ್ಗಿದೆ ಎಂದು ಈಗಾಗಲೇ ಗೊತ್ತಾಗಿರುವ ಒಬ್ಬ ತಾಯಿ ಮನೆಯಲ್ಲೇ ಉಳಿಯಬಹುದೇ ಎಂಬುದು ಅಲ್ಲಿನ ಪ್ರಶ್ನೆಯಾಗಿರಲಿಲ್ಲ. ಆ ಅಧ್ಯಯನವಾದ ಮೇಲೂ ಬ್ರಿಟನ್ನಿನಲ್ಲಿ ಇಂಥ ತಾಯಿಗೆ ಕೂಡಲೇ ಕರೆ ಮಾಡಿ ಎಂದೇ ಹೇಳುತ್ತಾರೆ.

ರಸ್ತೆಯ ಮಾತು ಒಪ್ಪಬೇಕಾದದ್ದೇ. ನಿಧಾನವಾಗಿ ಹೋಗಲಿ, ಆದರೆ ಹೋಗಲಿ.

ಹುಬ್ಬಳ್ಳಿ ಅವಳಿ ಅಮ್ಮ · 9:42

ಸುಬ್ಬಣ್ಣ, ನೀವು ಎಂದಾದರೂ ಬಸುರಿಯಾಗಿದ್ದಿರಾ?

ಸಾಗರದ ಸುಬ್ಬ · 9:43

ಇಲ್ಲ, ಆದರೆ ಆ ರಸ್ತೆಯಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದ್ದೇನೆ.

ಮಾತು ಕಡಿಮೆ · 9:47

ಇಲ್ಲಿ ನಾನು ಸಾಮಾನ್ಯವಾಗಿ ಓದುತ್ತೇನೆಯೇ ಹೊರತು ಬರೆಯುವುದಿಲ್ಲ. ನಾಲ್ಕು ವರ್ಷದ ಹಿಂದೆ ನನಗೂ ಅವಳಿಗಳಿದ್ದವು, 35ನೆಯ ವಾರ. ಗುರುವಾರ ಸಂಜೆ ಒಂದು ಮಗುವಿನ ಮಿಸುಕಾಟ ಕಡಿಮೆ ಎನಿಸಿತು. ಇನ್ನೊಂದು ಎಷ್ಟು ಆಡುತ್ತಿತ್ತೆಂದರೆ, ಹೊಟ್ಟೆಯ ಮೇಲೆ ಕೈಯಿಟ್ಟವರೆಲ್ಲ ಮಕ್ಕಳು ಚೆನ್ನಾಗಿವೆ ಎಂದೇ ಹೇಳಿದರು. ನಾನೂ ಹಾಗೆಯೇ ಅಂದುಕೊಂಡೆ. ಶನಿವಾರ ಮುಂಚೆಯೇ ನಿಗದಿಯಾಗಿದ್ದ ತಪಾಸಣೆಗೆ ಹೋದಾಗ ಒಂದೇ ಎದೆಬಡಿತ ಸಿಕ್ಕಿತು.

ಗುರುವಾರವೇ ಹೋಗಿದ್ದರೆ ಉಳಿಯುತ್ತಿತ್ತೆಂದು ಯಾವ ವೈದ್ಯರೂ ನನಗೆ ಹೇಳಿಲ್ಲ. ಉಳಿಯುತ್ತಿರಲಿಲ್ಲ ಎಂದೂ ಹೇಳಿಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ, ಜೀಪು ಸಿಗುತ್ತದೆಯಾದರೆ ಹತ್ತಿಬಿಡಿ ಎನ್ನುವುದಕ್ಕಾಗಿ ಬರೆಯುತ್ತಿದ್ದೇನೆ.

ತವರಿಗೆ ಬಂದವಳು · 9:52

ಅಕ್ಕ, ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತನಾಡದೆ ಟಾರ್ಚು ತೆಗೆದುಕೊಂಡು ಪಕ್ಕದ ಮನೆಗೆ ಹೋಗಿದ್ದಾರೆ.

ಆಶಾ ಕೆಲಸದವಳು · 9:54

ಜೀಪು ಸಿಗದಿದ್ದರೆ 108ಕ್ಕೆ ಕರೆ ಮಾಡಿ, ಗರ್ಭಿಣಿಯರಿಗೆ ಅದು ಉಚಿತ. ಆದರೆ ಅವರು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನೀವು ತೋರಿಸಿಕೊಳ್ಳುತ್ತಿರುವುದು ಖಾಸಗಿಯಾದರೆ, ಅವಳಿ ಗರ್ಭ, ಮಿಸುಕಾಟ ಕಡಿಮೆ, ಶಿವಮೊಗ್ಗಕ್ಕೇ ಹೋಗಬೇಕು ಎಂದು ಮೊದಲೇ ಸ್ಪಷ್ಟವಾಗಿ ಹೇಳಿ. ಅಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದರೂ ಬೇಡವೆನ್ನಬೇಡಿ. ತಾಯಿ ಕಾರ್ಡು, ಎಲ್ಲ ಸ್ಕ್ಯಾನಿಂಗ್ ವರದಿಗಳು, ರಕ್ತದ ಗುಂಪಿನ ಚೀಟಿ ಕೈಚೀಲದಲ್ಲಿರಲಿ.

ನರ್ಸಮ್ಮ · 9:56

ಒಂದು ಜೊತೆ ಬಟ್ಟೆ, ಒಂದು ದುಪ್ಪಟಿ, ಫೋನಿನ ಚಾರ್ಜರ್ ಇಟ್ಟುಕೊಳ್ಳಮ್ಮ. ಗಾಡಿಯಲ್ಲಿ ಅಂಗಾತ ಮಲಗಬೇಡ, ಯಾವುದಾದರೂ ಒಂದು ಮಗ್ಗುಲಿಗೆ ಒರಗಿಕೋ. ದಾರಿಯಲ್ಲಿ ನೀರು ಹೋದರೆ, ರಕ್ತ ಕಂಡರೆ ಅಥವಾ ಹೊಟ್ಟೆ ಬಿಡದೆ ಕಲ್ಲಿನಂತೆ ಗಟ್ಟಿಯಾದರೆ ಆಸ್ಪತ್ರೆಗೆ ಮತ್ತೊಮ್ಮೆ ಫೋನ್ ಮಾಡು.

ತವರಿಗೆ ಬಂದವಳು · 10:09

ಹೊರಟೆವು. ಅಮ್ಮ, ಅಪ್ಪ ಇಬ್ಬರೂ ಜೊತೆಗಿದ್ದಾರೆ.

ಲೀಡ್ಸ್ ಕನ್ನಡತಿ · 10:21

ನಾನು ಇಂಗ್ಲೆಂಡಿನಲ್ಲಿ ಅವಳಿಗಳನ್ನು ಹೆತ್ತವಳು. ನನ್ನವು ಒಂದೇ ಮಾಸನ್ನು ಹಂಚಿಕೊಂಡಿದ್ದವು, ಹಾಗಾಗಿ 16ನೆಯ ವಾರದಿಂದ ಎರಡೆರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್. ಅಂಥವರಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹೆಚ್ಚಾಗಿ ಹರಿಯುವ ತೊಂದರೆ ಬರಬಹುದು. ಬೇರೆ ಬೇರೆ ಮಾಸಿದ್ದರೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ನೋಡುತ್ತಾರೆ. ಹೆರಿಗೆಯ ವಾರವೂ ಅದೇ ರೀತಿ ಬೇರೆ: ಬೇರೆ ಮಾಸಿನವರಿಗೆ 37, ಒಂದೇ ಮಾಸಿನವರಿಗೆ 36. ಅದಕ್ಕೂ ಮುಂದೆ ಕಾಯುವುದಿಲ್ಲ.

ನನಗೆ ಉಪಯೋಗವಾದ ಇನ್ನೊಂದು ಸಂಗತಿ ಇದೆ. ಒದೆತ ಬರುವ ಜಾಗವೂ ಮಗು ಇರುವ ಜಾಗವೂ ಒಂದೇ ಎಂದು ತಿಳಿಯಬಾರದು. ತಲೆ ಕೆಳಗಾಗಿರುವ ಮಗುವಿನ ಕಾಲು ಮೇಲೆ ಪಕ್ಕೆಲುಬಿಗೆ ಬಡಿಯುತ್ತದೆ, ಕುಳಿತ ಭಂಗಿಯಲ್ಲಿರುವುದರ ಕಾಲು ಕೆಳಗೆ ಮೂತ್ರಕೋಶಕ್ಕೆ ತಾಗುತ್ತದೆ. ಆದ್ದರಿಂದ ಪ್ರತಿ ಸ್ಕ್ಯಾನಿಂಗಿನ ನಂತರ ಯಾವುದರ ತಲೆ ಎಲ್ಲಿ, ಕಾಲು ಎಲ್ಲಿ, ಬೆನ್ನು ಯಾವ ಕಡೆಗೆ ಎಂದು ಕೇಳಿ ಒಂದು ಚೀಟಿಯಲ್ಲಿ ಹೊಟ್ಟೆಯ ಚಿತ್ರ ಬರೆದಿಟ್ಟುಕೊಳ್ಳುತ್ತಿದ್ದೆ. ನನ್ನ ಗಂಡ ಅದಕ್ಕೆ ಜಮೀನಿನ ನಕ್ಷೆ ಎನ್ನುತ್ತಿದ್ದರು.

ಹೊಸ ಅಪ್ಪ · 10:30

ನಾವು ಆನ್‌ಲೈನಿನಲ್ಲಿ ಎದೆಬಡಿತ ಕೇಳುವ ಸಣ್ಣ ಡಾಪ್ಲರ್ ಯಂತ್ರವೊಂದನ್ನು ತರಿಸಿಕೊಂಡಿದ್ದೇವೆ. ದೂರದ ಊರಿನವರು ಅದನ್ನು ಇಟ್ಟುಕೊಂಡರೆ ಇಂಥ ರಾತ್ರಿ ಪ್ರಯಾಣ ತಪ್ಪುತ್ತದಲ್ಲವೇ?

ಕಾವೇರಿ ತೀರ · 10:37

ತಪ್ಪುತ್ತದೆ, ಅದೇ ಭಯ. ಆ ಯಂತ್ರದಲ್ಲಿ ತಾಯಿಯ ನಾಡಿಯೂ ಕೇಳಿಸುತ್ತದೆ, ಮಾಸಿನಲ್ಲಿ ರಕ್ತ ಹರಿಯುವ ಸದ್ದೂ ಕೇಳಿಸುತ್ತದೆ, ಅಭ್ಯಾಸವಿಲ್ಲದವರಿಗೆ ಇವೆಲ್ಲ ಒಂದೇ. ಅವಳಿಗಳಲ್ಲಿ ಒಂದೇ ಮಗುವಿನ ಬಡಿತವನ್ನು ಎರಡು ಕಡೆ ಕೇಳಿ ಎರಡೂ ಸಿಕ್ಕವು ಎಂದು ಸಮಾಧಾನಪಟ್ಟುಕೊಳ್ಳುವುದು ತೀರಾ ಸುಲಭ. ಅಲ್ಲದೆ ತೊಂದರೆಯಲ್ಲಿರುವ ಮಗುವಿನ ಎದೆಯೂ ಬಡಿಯುತ್ತಲೇ ಇರುತ್ತದೆ. ನಾವು ನೋಡುವುದು ಬಡಿತ ಇದೆಯೇ ಎಂಬುದನ್ನಷ್ಟೇ ಅಲ್ಲ. ನಿಮಿಷಕ್ಕೆ 110ರಿಂದ 160ರ ನಡುವೆ ಅದು ಹೇಗೆ ಏರಿಳಿಯುತ್ತದೆ, ಮಗು ಮಿಸುಕಿದಾಗ ಚುರುಕಾಗುತ್ತದೆಯೇ ಎಂಬುದನ್ನು ನೋಡುತ್ತೇವೆ. ಅದಕ್ಕೆ ಕಾಗದದ ಮೇಲೆ ಗೆರೆ ಬೇಕು, ಅದನ್ನು ಓದಲು ಬಲ್ಲವರೂ ಬೇಕು.

ಹೊಸ ಅಪ್ಪ · 10:39

ಎರಡು ಸಾವಿರದ ಐನೂರು ರೂಪಾಯಿ ಕೊಟ್ಟಿದ್ದೆ.

ಬೆಳಗಾವಿ ಭಾವಿ ಅಮ್ಮ · 10:44

ನನ್ನ ಮಾಸು ಮುಂಭಾಗದಲ್ಲಿದೆ, ಅದಕ್ಕೇ ಮಿಸುಕಾಟ ಗೊತ್ತಾಗುವುದಿಲ್ಲ ಎಂದು ಹೇಳಿದ್ದಾರೆ. ನನಗೆ 31 ವಾರ. ನಾನು ಏನು ಮಾಡಬೇಕು?

ನರ್ಸಮ್ಮ · 10:50

ಮಾಸು ಮುಂದಿದ್ದರೆ ಮಗುವಿಗೂ ಹೊಟ್ಟೆಯ ಚರ್ಮಕ್ಕೂ ನಡುವೆ ಹಾಸಿಗೆ ಹಾಸಿದಂತೆ, ಆದ್ದರಿಂದ ಮೊದಮೊದಲು ಒದೆತ ಮಂದವಾಗಿ ತಿಳಿಯುತ್ತದೆ. 28 ವಾರ ಕಳೆದ ಮೇಲೆ ಆ ನೆಪ ಹೆಚ್ಚು ನಿಲ್ಲುವುದಿಲ್ಲ. ನಿಮಗೂ ಇಷ್ಟರಲ್ಲಿ ಒಂದು ವಾಡಿಕೆ ತಿಳಿದಿರಬೇಕು. ಅದು ತಪ್ಪಿದ ದಿನ, ಮಾಸು ಎಲ್ಲಿಯೇ ಇರಲಿ, ಹೋಗಿ ತೋರಿಸಿಕೊಳ್ಳಿ.

ಗದಗಿನ ಗೆಳತಿ · 10:58

ಬಲಗಡೆಯ ಮಗು ಎಂದರೆ ಗಂಡು ಎನ್ನುತ್ತಾರೆ. ಅದು ಹೆಚ್ಚು ಸೋಮಾರಿ ಇರಬಹುದು. ಸ್ಕ್ಯಾನಿಂಗಿನಲ್ಲಿ ಏನೆಂದು ಹೇಳಿದ್ದಾರೆ?

ನಿರ್ವಾಹಕರು · 11:00

ಭ್ರೂಣದ ಲಿಂಗ ಹೇಳುವುದೂ ಕೇಳುವುದೂ 1994ರ ಕಾಯಿದೆಯಂತೆ ಅಪರಾಧ, ಇಲ್ಲಿ ಆ ಮಾತು ಬೇಡ. ಎಡ ಬಲದ ನಂಬಿಕೆಗೆ ಬೇರೆ ಆಧಾರವೂ ಇಲ್ಲ. ಕೇರಳದ ಕೊಡಿನ್ಹಿಯಲ್ಲಿ ಅವಳಿಗಳೇಕೆ ಅಷ್ಟು ಹೆಚ್ಚು ಎಂಬ ಚರ್ಚೆಯನ್ನು ಶುರುಮಾಡಿದ್ದವರೂ ಅದಕ್ಕೆ ಬೇರೆ ಎಳೆ ತೆರೆಯಬೇಕೆಂದು ವಿನಂತಿ, ಆ ಐದು ಉತ್ತರಗಳನ್ನು ಇಲ್ಲಿಂದ ತೆಗೆದಿದ್ದೇನೆ.

ತವರಿಗೆ ಬಂದವಳು · 11:34

ಮಂಡಗದ್ದೆ ದಾಟಿದೆವು. ಎಡಗಡೆಯದು ಒದೆಯುತ್ತಿದೆ. ಬಲಗಡೆ ಒಮ್ಮೆ ಏನೋ ಆದಂತೆ ಅನ್ನಿಸಿತು. ರಸ್ತೆಯ ಕುಲುಕಾಟವೋ ಏನೋ ತಿಳಿಯದು.

ಸಾಗರದ ಸುಬ್ಬ · 11:36

ಗಾಜನೂರಿನ ಹತ್ತಿರ ರಸ್ತೆಯ ಮೇಲೆ ನೀರು ನಿಂತಿರಬಹುದು. ಅವಸರ ಮಾಡಬೇಡಿ ಎಂದು ಚಾಲಕರಿಗೆ ಹೇಳಿ ತಂಗಿ. ಸುಖವಾಗಿ ತಲುಪಿದ ಮೇಲೆ ಒಂದು ಸಾಲು ಬರೆಯಿರಿ.

ತವರಿಗೆ ಬಂದವಳು · ಮರುದಿನ ಬೆಳಿಗ್ಗೆ 7:15

ಎಲ್ಲರಿಗೂ ಕೈಮುಗಿಯುತ್ತೇನೆ. ಎರಡೂ ಮಕ್ಕಳು ಚೆನ್ನಾಗಿವೆ. ಹೋದ ಕೂಡಲೇ ಬಿಪಿ ನೋಡಿ, ಹೊಟ್ಟೆಗೆ ಎರಡು ಪಟ್ಟಿ ಕಟ್ಟಿ ಎನ್‌ಎಸ್‌ಟಿ ಹಾಕಿದರು. ಮೊದಲ ಹತ್ತು ನಿಮಿಷ ಎರಡು ಗೆರೆಯೂ ತದ್ರೂಪವಾಗಿ ಬರುತ್ತಿದ್ದವು. ಇದು ಒಂದೇ ಮಗುವಿನದು, ಇನ್ನೊಂದು ಸಿಕ್ಕಿಲ್ಲ ಎಂದು ಸಿಸ್ಟರ್ ತಾವೇ ಗುರುತಿಸಿದರು. ಆ ಕ್ಷಣ ನನ್ನ ಕೈಕಾಲು ತಣ್ಣಗಾದವು. ಡಾಕ್ಟರು ಸ್ಕ್ಯಾನಿಂಗ್ ಯಂತ್ರ ತಂದು ಎರಡನೆಯ ಮಗುವನ್ನು ಹುಡುಕಿ, ಅದರ ಎದೆಯ ಮೇಲೆಯೇ ಪಟ್ಟಿ ಬರುವಂತೆ ಕಟ್ಟಿದರು. ಒಂದು 135ರ ಆಸುಪಾಸು, ಇನ್ನೊಂದು 150ರ ಆಸುಪಾಸು. ನಲವತ್ತು ನಿಮಿಷ ಅದನ್ನೇ ನೋಡುತ್ತ ಮಲಗಿದ್ದೆ.

ಸುಮ್ಮನಾಗಿದ್ದಕ್ಕೆ ಕಾರಣವೂ ತಿಳಿಯಿತು. ಎರಡನೆಯದು ಅಡ್ಡ ತಿರುಗಿದೆ. ಬೆನ್ನು ನನ್ನ ಹೊಟ್ಟೆಯ ಮುಂಭಾಗಕ್ಕೆ ಬಂದು ಕೈಕಾಲು ನನ್ನ ಬೆನ್ನಿನ ಕಡೆಗೆ ಹೋಗಿವೆ. ಪರದೆಯ ಮೇಲೆ ಅದು ಕಾಲು ಆಡಿಸುವುದು ಕಾಣುತ್ತಿತ್ತು, ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ನೀರು, ಹೊಕ್ಕುಳಬಳ್ಳಿಯ ರಕ್ತಸಂಚಾರ ಎಲ್ಲ ಸರಿಯಿದೆ. ಮಧ್ಯಾಹ್ನ ಮನೆಗೆ ಕಳುಹಿಸುತ್ತಾರೆ.

ಇಷ್ಟು ದೂರ ಎಲ್ಲರನ್ನೂ ಓಡಾಡಿಸಿದೆನಲ್ಲ ಎಂದು ಸಂಕೋಚವಾಗುತ್ತಿದೆ.

ಮೂರು ಮಕ್ಕಳ ತಾಯಿ · 7:31

ದೇವರು ದೊಡ್ಡವನು. ನಿನ್ನೆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಪಾನಕದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ನರ್ಸಮ್ಮ · 7:48

ಆ ಸಿಸ್ಟರ್‌ಗೆ ನನ್ನ ನಮಸ್ಕಾರ ತಿಳಿಸು. ಎರಡು ಗೆರೆ ಒಂದೇ ಮಗುವಿನದೆಂದು ಗುರುತಿಸಲು ಕಣ್ಣು ಪಳಗಿರಬೇಕು.

ಸಂಕೋಚದ ಬಗ್ಗೆ ಒಂದು ಮಾತು. ನನ್ನ ಅನುಭವದಲ್ಲಿ ಹೆಚ್ಚು ಭಯಪಡಬೇಕಾದದ್ದು ಎರಡನೆಯ ಸಲಕ್ಕೆ. ಮೊದಲ ಸಲ ಎಲ್ಲ ಸರಿಯಿದೆ ಎಂದು ಕಳುಹಿಸಿದ ಮೇಲೆ, ವಾರದೊಳಗೆ ಮತ್ತೆ ಮಿಸುಕಾಟ ಕುಗ್ಗಿದರೆ, ಮೊನ್ನೆ ತಾನೆ ಹೋಗಿ ಬಂದೆ, ಈಗ ಹೋದರೆ ನಗುತ್ತಾರೆ ಎಂದು ಹೆಂಗಸರು ಉಳಿದುಬಿಡುತ್ತಾರೆ. ನಿನ್ನೆಯ ಎನ್‌ಎಸ್‌ಟಿ ನಿನ್ನೆಯ ಮಾತನ್ನಷ್ಟೇ ಹೇಳುತ್ತದೆ. ಯಾರಾದರೂ ನಕ್ಕರೆ ನಗಲಿ.

ಕಾವೇರಿ ತೀರ · 8:20

ಇದಕ್ಕೆ ನನ್ನ ಪೂರ್ಣ ಸಹಮತ. ಮತ್ತೆ ಮತ್ತೆ ಕುಗ್ಗುವುದನ್ನು ನಾವು ಮೊದಲ ಸಲಕ್ಕಿಂತ ಹೆಚ್ಚು ಗಂಭೀರವಾಗಿ ನೋಡುತ್ತೇವೆ. ಸಾಧ್ಯವಾದರೆ 34 ವಾರದ ನಂತರ ಶಿವಮೊಗ್ಗದಲ್ಲೇ ಬಂಧುಗಳ ಮನೆಯಲ್ಲಿ ಉಳಿಯಿರಿ. ಅಂಗೈ, ಅಂಗಾಲಿನಲ್ಲಿ ತಡೆಯಲಾರದ ತುರಿಕೆ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದೇ ಕಂಡರೂ ಕರೆ ಮಾಡಿ. ಅವಳಿ ಗರ್ಭದಲ್ಲಿ ಬಿಪಿ ಏರುವುದೂ, ಯಕೃತ್ತಿನಿಂದ ಪಿತ್ತರಸ ಸರಿಯಾಗಿ ಹರಿಯದೆ ತುರಿಕೆ ಬರುವುದೂ ಹೆಚ್ಚು.

ಸಾಗರದ ಸುಬ್ಬ · 8:41

ಮಗು ಚೆನ್ನಾಗಿದೆ ಎಂದರೆ ಹೋಗದಿದ್ದರೂ ಚೆನ್ನಾಗಿಯೇ ಇರುತ್ತಿತ್ತು ಎಂದು ಈಗ ವಾದಿಸಬಹುದು, ಆದರೆ ವಾದಿಸುವುದಿಲ್ಲ. ತಲುಪಿದ್ದು ಸಂತೋಷ.

ಲೆಕ್ಕದ ಮೇಷ್ಟ್ರು · 8:44

ಇದನ್ನು ವಾದಿಸಿದ್ದು ಎಂದೇ ದಾಖಲಿಸಿಕೊಳ್ಳಲಾಗಿದೆ.

ತವರಿಗೆ ಬಂದವಳು · ಇಪ್ಪತ್ಮೂರು ದಿನಗಳ ನಂತರ, ಮಧ್ಯಾಹ್ನ 3:10

ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಆ ರಾತ್ರಿಯ ಹನ್ನೊಂದನೆಯ ದಿನ, ಎಂದರೆ 34 ವಾರ 6 ದಿನಕ್ಕೆ, ಮತ್ತೆ ಹಾಗೆಯೇ ಆಯಿತು. ಅಷ್ಟರಲ್ಲಿ ಕಾವೇರಿ ತೀರ ಮೇಡಂ ಹೇಳಿದಂತೆ ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಎರಡನೆಯದರ ಬೆನ್ನು ಮುಂದಕ್ಕಿದೆಯಲ್ಲ, ಅದಕ್ಕೇ ತಿಳಿಯುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸುಮಾರು ಒಂದು ಗಂಟೆ ಕುಳಿತಿದ್ದೆ. ಕಾರಣ ಗೊತ್ತಿದ್ದದ್ದೇ ಈ ಸಲ ನನ್ನನ್ನು ತಡೆಯಿತು. ಆಮೇಲೆ ಆ ಮಂದವಾದ ತಡವುವಿಕೆಗೂ ಹನ್ನೊಂದು ದಿನದಲ್ಲಿ ಒಂದು ವಾಡಿಕೆ ಬಂದಿತ್ತು, ಇಂದು ಅದೂ ಇಲ್ಲ ಎಂಬುದು ಹೊಳೆದು, ನರ್ಸಮ್ಮನವರ ಮಾತು ನೆನಪಾಗಿ, ಆಟೊ ಹತ್ತಿದೆ. ಹತ್ತು ನಿಮಿಷದ ದಾರಿ.

ಈ ಸಲ ಎನ್‌ಎಸ್‌ಟಿಯಲ್ಲಿ ಎರಡನೆಯ ಗೆರೆ ಏರಿಳಿತವಿಲ್ಲದೆ ಸಪಾಟಾಗಿ ಬರುತ್ತಿತ್ತು. ಸ್ಕ್ಯಾನಿಂಗಿನಲ್ಲಿ ಅದರ ಚೀಲದ ನೀರು ಕಡಿಮೆಯಾಗಿತ್ತು, ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವುದಕ್ಕೆ ಅಡ್ಡಿ ಹೆಚ್ಚಾಗಿತ್ತು. ಕಾಯುವುದು ಬೇಡ ಎಂದು ಆ ರಾತ್ರಿಯೇ ಸಿಸೇರಿಯನ್ ಮಾಡಿದರು. ಮೊದಲನೆಯದು ಹೆಣ್ಣು, 2,250 ಗ್ರಾಂ. ಎರಡನೆಯದು ಗಂಡು, 1,720 ಗ್ರಾಂ. ಅವನು ಒಂಬತ್ತು ದಿನ ನವಜಾತ ಶಿಶುಗಳ ಐಸಿಯುನಲ್ಲಿದ್ದ. ಮೂರನೆಯ ದಿನದಿಂದ ನನ್ನ ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿ ಬಟ್ಟೆ ಸುತ್ತಿ ಕೂರಿಸುತ್ತಿದ್ದರು. ಮೊನ್ನೆ ಇಬ್ಬರನ್ನೂ ಮನೆಗೆ ಕರೆತಂದೆವು.

ಲೆಕ್ಕದ ಮೇಷ್ಟ್ರು · 3:14

ತೂಕದ ವ್ಯತ್ಯಾಸ ಶೇ. 23.6. ಶುಭಾಶಯಗಳಮ್ಮ.

ಕಾವೇರಿ ತೀರ · 3:40

ಓದಿ ಮನಸ್ಸು ಹಗುರವಾಯಿತು. ಆ ಒಂದು ಗಂಟೆಗಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಅವನ ತೂಕವನ್ನು ವಾರವಾರವೂ ನೋಡಿಸಿ. ಬೇಗ ಹುಟ್ಟಿದವನಾದ್ದರಿಂದ ಕಣ್ಣಿನ ಪರೀಕ್ಷೆ ಯಾವ ದಿನ ಎಂಬುದನ್ನು ಬಿಡುಗಡೆಯ ಚೀಟಿಯಲ್ಲಿ ನೋಡಿಕೊಳ್ಳಿ. ಅದರಲ್ಲಿ ಬರೆದಿರದಿದ್ದರೆ ಇಂದೇ ಫೋನ್ ಮಾಡಿ ಕೇಳಿ.

ಮಾತು ಕಡಿಮೆ · 4:02

ಇಬ್ಬರಿಗೂ ನನ್ನ ಆಶೀರ್ವಾದ.

ತವರಿಗೆ ಬಂದವಳು · 4:15

ಅಕ್ಕ, ಅಪ್ಪ ನಿಮ್ಮನ್ನು ಕೇಳಿದರೆಂದು ಹೇಳಲು ತಿಳಿಸಿದ್ದಾರೆ.

ನರ್ಸಮ್ಮನವರಿಗೆ ಒಂದು ಪ್ರಶ್ನೆ. ಚಿಕ್ಕವನಿಗೆ ಇನ್ನೂ ಪೂರ್ತಿ ಚೀಪಲು ಬರುವುದಿಲ್ಲ, ಹಾಲು ಹಿಂಡಿ ಕುಡಿಸಲು ಆಸ್ಪತ್ರೆಯಲ್ಲಿ ಸ್ಟೀಲಿನ ಒಳಲೆ ಕೊಟ್ಟಿದ್ದಾರೆ. ಅಜ್ಜಿ ಅಟ್ಟದಿಂದ ನನ್ನ ಕಾಲದ ಬೆಳ್ಳಿಯ ಒಳಲೆಯನ್ನು ಇಳಿಸಿ ಹುಣಸೆಹಣ್ಣಿನಲ್ಲಿ ತಿಕ್ಕಿ ಇಟ್ಟಿದ್ದಾರೆ. ಅದರಲ್ಲಿ ಕುಡಿಸಬಹುದೇ?

ನರ್ಸಮ್ಮ · 4:29

ಅದರ ಮೂತಿ ನುಣುಪಾಗಿದೆಯೇ, ಸಂದಿಯಲ್ಲಿ ಹುಣಸೆಯ ಜಿಗುಟು ಉಳಿದಿಲ್ಲವೇ ನೋಡು. ಚೆನ್ನಾಗಿ ತೊಳೆದು, ಪೂರ್ತಿ ಮುಳುಗುವಷ್ಟು ನೀರಿನಲ್ಲಿ ಹತ್ತು ನಿಮಿಷ ಕುದಿಸಿದ ಮೇಲೆ ಕುಡಿಸು. ಮಗು ಎಚ್ಚರವಿದ್ದಾಗ, ತಲೆ ಎತ್ತಿ ಹಿಡಿದು, ತುಟಿಯ ಅಂಚಿಗೆ ಸ್ವಲ್ಪ ಸ್ವಲ್ಪವೇ ಬಿಡಬೇಕು, ಗಂಟಲಿಗೆ ಸುರಿಯಬಾರದು. ಅಜ್ಜಿಗೆ ಕೊಟ್ಟರೆ ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.